ಎಮ್ಮೆ ಬಂತು, ಕೊಟ್ಟಿಗೆ ಎಲ್ಲಿ?

2020ರ ಸೆಪ್ಟೆಂಬರ್ 18ರಂದು ನೇಪಾಳದ ಜನಕಪುರಕ್ಕೆ ರೈಲು ಬಂತು. ಕೊರೊನಾ ಜೋರಾಗಿದ್ದ ದಿನಗಳು. ಗುಂಪು ಸೇರಬೇಡಿ ಅಂತ ಸರ್ಕಾರ ಹೇಳುತ್ತಿತ್ತು, ಜನ ಗುಂಪು ಗುಂಪಾಗಿ ಬಂದು ಹಳಿಯ ಪಕ್ಕ ನಿಂತರು. ಪಾಪ, ಅವರದೇನು ತಪ್ಪು? ಊರಿನ ಹಳೇ ರೈಲು ನಿಂತು ಆರು ವರ್ಷ ಆಗಿತ್ತು. ಈಗ ಬಂದದ್ದು ಹೊಚ್ಚ ಹೊಸದು, ಅದೂ ಒಂದಲ್ಲ, ಎರಡು. ಮನೆಗೆ ಹೊಸ ಸೊಸೆ ಬಂದ ಹಾಗೆ ನೋಡಿದರು, ಫೋಟೋ ತೆಗೆದರು, ಖುಷಿಯಾಗಿ ಮನೆಗೆ ಹೋದರು.

ಆಮೇಲೆ ರೈಲಿಗೆ ಟಾರ್ಪಾಲು ಹೊದಿಸಿದರು.

ತಮಾಷೆ ಮಾಡುತ್ತಿಲ್ಲ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಕಟ್ಟಿಗೆ ರಾಶಿಗೆ ಹೊದಿಸುತ್ತೇವಲ್ಲ, ಹಾಗೆ. ನೇಪಾಳಿ ರೂಪಾಯಿಯಲ್ಲಿ ಸುಮಾರು 85 ಕೋಟಿ ಕೊಟ್ಟು ತಂದ ಎರಡು ಡೆಮು (ಡೀಸೆಲ್-ವಿದ್ಯುತ್) ರೈಲುಗಳು ಒಂದೂವರೆ ವರ್ಷ ಸುಮ್ನೆ ನಿಂತವು. ಯಾಕೆ ಅಂದರೆ ರೈಲು ಬಂದ ಮೇಲೆ ಯಾರಿಗೋ ಹೊಳೆಯಿತು, ಇದನ್ನು ಓಡಿಸೋಕೆ ದೇಶದಲ್ಲಿ ಕಾನೂನೇ ಇಲ್ಲ ಅಂತ. ಟಿಕೆಟ್ ಇಲ್ಲದವನಿಗೆ ದಂಡ ಎಷ್ಟು, ಹಳಿಗೆ ಅಡ್ಡ ಬಂದ ಎಮ್ಮೆಗೆ ಯಾರು ಹೊಣೆ, ಏನಾದರೂ ಆದರೆ ಪರಿಹಾರ ಯಾರು ಕೊಡಬೇಕು, ಯಾವುದಕ್ಕೂ ಉತ್ತರ ಇಲ್ಲ. ಓಡಿಸೋಕೆ ಚಾಲಕ ಇಲ್ಲ. ಕೆಟ್ಟರೆ ನೋಡೋಕೆ ಮೆಕ್ಯಾನಿಕ್ ಇಲ್ಲ. ಇನ್ನು ಹಳಿ? ಅದನ್ನು ಭಾರತದ ಹಣದಲ್ಲಿ ಭಾರತದ್ದೇ ಸರ್ಕಾರಿ ಕಂಪನಿ ಇರ್ಕಾನ್ ಕಟ್ಟುತ್ತಿತ್ತು, ಅದು ನೇಪಾಳದ ಕೈಗೆ ಬಂದದ್ದು 2021ರ ಅಕ್ಟೋಬರಿನಲ್ಲಿ. ಅಂದರೆ ರೈಲು ಬಂದು ಒಂದು ವರ್ಷ ಕಳೆದ ಮೇಲೆ.

ಎಮ್ಮೆ ಕೊಳ್ಳೋ ಮೊದಲೇ ತುಪ್ಪಕ್ಕೆ ಜಗಳ ಅಂತ ನಾವು ಬೈಯುತ್ತೇವೆ. ಇಲ್ಲಿ ಎಮ್ಮೆ ಬಂದೇ ಬಿಟ್ಟಿತ್ತು. ಕೊಟ್ಟಿಗೆ, ಗೂಟ, ಹಗ್ಗ, ಹುಲ್ಲು, ಹಾಲು ಕರೆಯೋರು, ಇಷ್ಟು ಮಾತ್ರ ಇರಲಿಲ್ಲ.

ಸರಿ, ಕಾನೂನು ಮಾಡಿಬಿಡೋಣ ಅಂದರೆ ಅದನ್ನು ಮಾಡಬೇಕಾದ್ದು ಸಂಸತ್ತು. ಆ ಸಂಸತ್ತನ್ನು ಆಗಿನ ಪ್ರಧಾನಿ ಕೆ.ಪಿ. ಶರ್ಮಾ ಓಲಿ 2020ರ ಡಿಸೆಂಬರಿನಲ್ಲಿ ಒಮ್ಮೆ ವಿಸರ್ಜಿಸಿದರು. ಸುಪ್ರೀಂ ಕೋರ್ಟು ಅದನ್ನು ವಾಪಸ್ ಕೂರಿಸಿತು. 2021ರ ಮೇ ತಿಂಗಳಲ್ಲಿ ಮತ್ತೊಮ್ಮೆ ವಿಸರ್ಜಿಸಿದರು. ಕೋರ್ಟು ಮತ್ತೆ ಕೂರಿಸಿತು. ಸಂಸತ್ತು ಹೀಗೆ ಎದ್ದು ಕೂತು ಎದ್ದು ಕೂತು ಬಸ್ಕಿ ಹೊಡೆಯುತ್ತಿದ್ದಾಗ ರೈಲು ಟಾರ್ಪಾಲಿನ ಕೆಳಗೆ ಕಾಯುತ್ತಿತ್ತು. ನಿಲ್ಲಿಸಿಟ್ಟ ಗಾಡಿಯ ಗತಿ ಏನಾಗುತ್ತೆ ಅಂತ ಲಾಕ್‌ಡೌನ್‌ನಲ್ಲಿ ಮೂರು ತಿಂಗಳು ಸ್ಕೂಟರ್ ಮುಟ್ಟದೆ ಇದ್ದವರಿಗೆಲ್ಲ ಗೊತ್ತು. ಕೊನೆಗೆ 2022ರ ಏಪ್ರಿಲ್ 2ರಂದು, ಅಷ್ಟರಲ್ಲಿ ಪ್ರಧಾನಿಯೂ ಬದಲಾಗಿ, ನೇಪಾಳದ ಹೊಸ ಪ್ರಧಾನಿ ದೇವುಬಾ ಮತ್ತು ಮೋದಿ ದೆಹಲಿಯಲ್ಲಿ ಕೂತು ಇದಕ್ಕೆ ಹಸಿರು ನಿಶಾನೆ ತೋರಿಸಿದರು.

ಇದನ್ನು ನಾನು ಯಾಕೆ ಇಷ್ಟು ಆಸಕ್ತಿಯಿಂದ ಹೇಳುತ್ತಿದ್ದೇನೆ ಅಂದರೆ, ಆ ಎಮ್ಮೆ ನಮ್ಮೂರ ದಲ್ಲಾಳಿ ಕೈಯಿಂದ ಹೋದದ್ದು. ರೈಲು ತಯಾರಾದದ್ದು ಚೆನ್ನೈಯಲ್ಲಿ, ಕೊಡಿಸಿದ್ದು ಕೊಂಕಣ ರೈಲ್ವೆ. ಕಾರವಾರ, ಕುಮಟಾ, ಹೊನ್ನಾವರ, ಉಡುಪಿ ಅಂತ ನಮ್ಮ ಕರಾವಳಿಗುಂಟ ಓಡುತ್ತಲ್ಲ, ಅದೇ. ಶುರುವಿನಲ್ಲಿ ಓಡಿಸೋರನ್ನೂ ಅವರೇ ಕಳಿಸಿಕೊಟ್ಟರು. ಕುಮಟೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತು ಮತ್ಸ್ಯಗಂಧ ಕಾದು ಬೆಳೆದವನು ನಾನು. ಸಹ್ಯಾದ್ರಿಯನ್ನು ಕೊರೆದು ತೊಂಬತ್ತಕ್ಕೂ ಜಾಸ್ತಿ ಸುರಂಗ ಮಾಡಿದ ಸಂಸ್ಥೆಯಿಂದ ಬೆಟ್ಟಗಳ ದೇಶ ರೈಲು ತಗೊಂಡಿದೆ ಅಂತ ಕೇಳಿದಾಗ ನನಗೂ ಹೆಮ್ಮೆ ಆಯ್ತು. ಹಿಮಾಲಯದಲ್ಲಿ ಸುರಂಗ, ಕಣಿವೆ ಮೇಲೆ ಸೇತುವೆ, ಮಂಜಿನ ಮಧ್ಯೆ ಹಾರ್ನು... ಆಮೇಲೆ ಮ್ಯಾಪ್ ತೆಗೆದು ನೋಡಿದೆ.

ಬಯಲು. ಅಂಗೈ ಹಾಗೆ ಚಪ್ಪಟೆ ಬಯಲು. ಜನಕಪುರದಿಂದ ಬಿಹಾರದ ಜಯನಗರಕ್ಕೆ (ಬೆಂಗಳೂರಿನ ಜಯನಗರ ಅಲ್ಲ, ಫೋರ್ತ್ ಬ್ಲಾಕ್ ಹುಡುಕಬೇಡಿ) ಹೋಗುವ ಈ ಹಳಿ ಭತ್ತದ ಗದ್ದೆಗಳ ನಡುವೆ ಹೋಗುತ್ತೆ. ಎವರೆಸ್ಟ್ ಇರುವ ದೇಶದ ರೈಲಿನ ದಾರಿಯಲ್ಲಿ ಒಂದು ಗುಡ್ಡ ಅಂತ ಬೇಡವಾ? ಇಲ್ಲ. ಇವತ್ತು ನಿನ್ನೆಯ ಕಥೆಯೂ ಅಲ್ಲ ಇದು. ಹತ್ತಿರ ಹತ್ತಿರ ನೂರು ವರ್ಷದಿಂದ ನೇಪಾಳದಲ್ಲಿ ರೈಲು ಇದೆ, ಒಂದು ದಿನವೂ ಅದು ಬೆಟ್ಟ ಹತ್ತಿಲ್ಲ.

ಮೊದಲ ರೈಲು 1927ರಲ್ಲಿ. ಆಗ ನೇಪಾಳವನ್ನು ಆಳುತ್ತಿದ್ದ ರಾಣಾ ಮನೆತನದ ಚಂದ್ರ ಶಂಶೇರ್ ಕಾಲ. ಗಡಿಯಾಚೆಯ ರಕ್ಸೌಲ್‌ನಿಂದ ಅಮಲೇಖಗಂಜ್‌ವರೆಗೆ 39 ಕಿ.ಮೀ. ನ್ಯಾರೋಗೇಜ್, ಅಂದರೆ ಕಿರಿದಾದ ಹಳಿ. ಅಮಲೇಖಗಂಜ್ ಎಲ್ಲಿದೆ? ಸರಿಯಾಗಿ ಬೆಟ್ಟ ಶುರುವಾಗುವ ಜಾಗದಲ್ಲಿ. ರೈಲು ಬೆಟ್ಟದ ಬುಡಕ್ಕೆ ಬಂದು, ತಲೆ ಎತ್ತಿ ನೋಡಿ, "ನನ್ನ ಕೆಲಸ ಇಲ್ಲಿಗೆ ಮುಗೀತು" ಅಂತ ನಿಂತುಬಿಡುತ್ತಿತ್ತು. ಅಲ್ಲಿಂದ ಭೀಮಫೇಡಿವರೆಗೆ ಲಾರಿ. ಮುಂದೆ ಕಠ್ಮಂಡುವಿಗೆ ನಡಿಗೆ. ಸಾಮಾನಿಗೆ ಒಂದು ರೋಪ್‌ವೇ ಕಟ್ಟಿದರು, ಅಕ್ಕಿ ಉಪ್ಪು ಬಟ್ಟೆ ಹಗ್ಗದ ಮೇಲೆ ತೂಗಾಡುತ್ತ ಹೋಗುತ್ತಿದ್ದವು. ಮನುಷ್ಯರಿಗೆ ಕಾಲು ಇದೆಯಲ್ಲ!

ಕಠ್ಮಂಡುವಿನ ದೊರೆಗಳಿಗೆ ಕಾರಿನ ಹುಚ್ಚು ಬೇರೆ. ಕಣಿವೆಯೊಳಗೆ ಒಂದಿಷ್ಟು ಕಿಲೋಮೀಟರ್ ರಸ್ತೆ ಇತ್ತು, ಕಣಿವೆಗೆ ಬರುವ ರಸ್ತೆ ಇರಲಿಲ್ಲ. ಹಾಗಾದರೆ ಕಾರು ಬಂದದ್ದು ಹೇಗೆ? ಹೆಗಲ ಮೇಲೆ. 1940ರ ದಶಕದ ಒಂದು ಫೋಟೋ ಇದೆ, ನೋಡಿದರೆ ಮರೆಯೋಕೆ ಆಗಲ್ಲ. ಉದ್ದುದ್ದ ಗಳಗಳಿಗೆ ಕಟ್ಟಿದ ಒಂದು ದೊಡ್ಡ ಕಾರು. ಅದರ ಕೆಳಗೆ, ಅಕ್ಕಪಕ್ಕ, ಹಿಂದೆ ಮುಂದೆ ಹತ್ತಾರು ಜನ ಹಮಾಲರು, ಹೊಳೆ ದಾಟುತ್ತಿದ್ದಾರೆ. ದೂರದಿಂದ ನೋಡಿದರೆ ಕಾರಿಗೇ ಕಾಲು ಬಂದ ಹಾಗೆ, ದೊಡ್ಡದೊಂದು ಜರಿಹುಳ ಹೊಳೆಗೆ ಇಳಿದ ಹಾಗೆ ಕಾಣುತ್ತೆ. ನಮ್ಮಲ್ಲಿ ಸ್ವಾಮಿಗಳಿಗೆ ಅಡ್ಡಪಲ್ಲಕ್ಕಿ ಇತ್ತು, ಅಲ್ಲಿ ಕಾರಿಗೇ ಅಡ್ಡಪಲ್ಲಕ್ಕಿ. ಮನುಷ್ಯರನ್ನು ಹೊರಬೇಕಾದ ಗಾಡಿಯನ್ನು ಮನುಷ್ಯರು ಹೊತ್ತು ಚಂದ್ರಾಗಿರಿಯ ಕಣಿವೆಬಾಯಿ ದಾಟಿಸಿ, ಕಠ್ಮಂಡುವಿನಲ್ಲಿ ಇಳಿಸಿದರೆ, ಅಲ್ಲಿ ಯಜಮಾನರು ಹತ್ತಿ ಕೂತು ಅರಮನೆಯಿಂದ ಅರಮನೆಗೆ ಹೋಗುತ್ತಿದ್ದರು. ಹೊತ್ತವರು ನಡೆದು ವಾಪಸ್. ಈಗ ಅದೇ ಚಂದ್ರಾಗಿರಿಗೆ ಕೇಬಲ್ ಕಾರ್ ಇದೆ. ಮೇಲೆ ಹೋಗಿ ಸೆಲ್ಫಿ ತೆಗೆದುಕೊಂಡು ಇಳಿಯಬಹುದು.

1950ರ ದಶಕದಲ್ಲಿ ಭಾರತ ತ್ರಿಭುವನ ರಾಜಪಥ ಕಟ್ಟಿಕೊಟ್ಟಿತು. ಲಾರಿ ನೇರ ಕಠ್ಮಂಡುವಿಗೆ ಹೋಗೋಕೆ ಶುರುವಾದ ಮೇಲೆ ಬೆಟ್ಟದ ಬುಡದಲ್ಲಿ ನಿಂತು ಉಸಿರುಬಿಡುವ ರೈಲು ಯಾರಿಗೆ ಬೇಕು? 1965ರಲ್ಲಿ ಮುಚ್ಚಿದರು. ಈಗ ಅಮಲೇಖಗಂಜ್‌ಗೆ ಬಿಹಾರದ ಮೋತಿಹಾರಿಯಿಂದ 69 ಕಿ.ಮೀ. ಪೈಪಿನಲ್ಲಿ ಡೀಸೆಲ್ ಬರುತ್ತೆ, 2019ರಿಂದ. ಆ ಪೈಪ್‌ಲೈನ್ ಹೇಳಿದ ಸಮಯಕ್ಕಿಂತ ಮೊದಲೇ ಮುಗಿಯಿತು ಅನ್ನುವುದು ಈ ಇಡೀ ಕಥೆಯಲ್ಲಿ ನನಗೆ ತೀರಾ ಅನುಮಾನ ಹುಟ್ಟಿಸುವ ಸಂಗತಿ.

ಜನಕಪುರದ ಹಳಿ 1937ರದ್ದು. ಅದೇ ರಾಣಾ ಮನೆತನದ ಜುದ್ಧ ಶಂಶೇರ್ ಕಾಲ. ಅದನ್ನು ಹಾಕಿದ್ದು ಜನರಿಗಾಗಿ ಅಲ್ಲ, ಕಾಡಿನ ಮರ ಕಡಿದು ಭಾರತಕ್ಕೆ ಸಾಗಿಸೋಕೆ. ಮರ ಹೋಯ್ತು, ಕಾಡು ಹೋಯ್ತು, ಆಮೇಲೆ ಜನ ಹತ್ತಿದರು. ಒಳಗೆ ಜಾಗ ಇಲ್ಲದಿದ್ದರೆ ಮೇಲೆ. ಆ ರೈಲಿನ ಹಳೇ ಫೋಟೋಗಳಲ್ಲಿ ಬೋಗಿ ಕಾಣೋದೇ ಇಲ್ಲ, ಬರೀ ಮನುಷ್ಯರು ಕಾಣುತ್ತಾರೆ. ಜನಕಪುರದಿಂದ ಮುಂದೆ ಬಿಜಲ್ಪುರದ ಕಡೆಯ ಸೇತುವೆ ಪ್ರವಾಹಕ್ಕೆ ಹೋದ ಮೇಲೆ ಆ ಭಾಗ ಬಂದ್. ಉಳಿದದ್ದನ್ನೂ 2014ರಲ್ಲಿ ಬ್ರಾಡ್‌ಗೇಜ್ ಮಾಡ್ತೀವಿ ಅಂತ ನಿಲ್ಲಿಸಿದರು. ಮುಂದಿನ ಎಂಟು ವರ್ಷ ನೇಪಾಳದಲ್ಲಿ ಒಬ್ಬನೇ ಒಬ್ಬ ರೈಲು ಪ್ರಯಾಣಿಕ ಇರಲಿಲ್ಲ. ರೈಲ್ವೆ ಇಲಾಖೆ ಇತ್ತು! 2011ರಲ್ಲೇ ಶುರು ಮಾಡಿದ್ದರು. ಆಫೀಸು, ಬೋರ್ಡು, ಮಹಾನಿರ್ದೇಶಕರು, ಎಲ್ಲ. ರೈಲು ತಡವಾಯ್ತು ಅಂತ ಒಂದು ದೂರು ಬರುವ ಹಾಗಿಲ್ಲ, ಎಂಥ ನೆಮ್ಮದಿಯ ನೌಕರಿ ನೋಡಿ.

ಇಲಾಖೆ ಸುಮ್ಮನೆ ಕೂತಿರಲಿಲ್ಲ ಅನ್ನಬೇಕು. ಕನಸು ಅಳೆಯುತ್ತಿತ್ತು. ಪೂರ್ವದ ಮೇಚಿಯಿಂದ ಪಶ್ಚಿಮದ ಮಹಾಕಾಳಿವರೆಗೆ 945 ಕಿ.ಮೀ. ವಿದ್ಯುತ್ ರೈಲು. ಕೆಲವು ಕಡೆ ಮಣ್ಣು ಹಾಕಿ ದಿಬ್ಬ ಮಾಡಿದ್ದಾರೆ, ಹಳಿ ಇಲ್ಲ. ಚೀನಾ ಕಡೆಯಿಂದ, ಟಿಬೆಟ್ ಗಡಿಯ ಕೇರುಂಗ್‌ನಿಂದ ಕಠ್ಮಂಡುವಿಗೆ ರೈಲು, ಇದು ಓಲಿಯವರ ಮೆಚ್ಚಿನದು. ನೇಪಾಳದೊಳಗೆ 72 ಕಿ.ಮೀ. 2018ರಲ್ಲಿ ಚೀನಾದವರು ಒಂದು ವರದಿ ಕೊಟ್ಟರು, ಅದರಲ್ಲಿ 98.5 ಶೇಕಡಾ ಸುರಂಗ ಅಥವಾ ಸೇತುವೆ. ಲೆಕ್ಕ ಹಾಕಿದೆ. ರೈಲು ನೆಲದ ಮೇಲೆ ಓಡುವುದು ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಹಿಮಾಲಯ ನೋಡೋಣ ಅಂತ ಕಿಟಕಿ ಸೀಟು ಹಿಡಿದವನಿಗೆ ತನ್ನ ಮುಖವೇ ಗಾಜಿನಲ್ಲಿ ಕಾಣುತ್ತೆ. ಅಷ್ಟಕ್ಕೂ ಚೀನಾದ ಹಳಿ ಬಂದು ನಿಂತಿರುವುದು ಟಿಬೆಟ್ಟಿನ ಶಿಗಾಟ್ಸೆಯಲ್ಲಿ, ಗಡಿಗೆ ಇನ್ನೂ ನೂರಾರು ಕಿಲೋಮೀಟರ್ ಇದೆ. ಅದೇ ದಾರಿಯ ರಸುವಾಗಢಿಯಲ್ಲಿದ್ದ ಮಿತೇರಿ ಸೇತುವೆ, ಅಂದರೆ ಸ್ನೇಹದ ಸೇತುವೆ, 2025ರ ಜುಲೈ ಪ್ರವಾಹದಲ್ಲಿ ಕೊಚ್ಚಿಹೋಯ್ತು. ಲಾರಿ ದಾಟುವ ಸೇತುವೆ ನಿಲ್ಲದ ಕಡೆ ರೈಲು ದಾಟುತ್ತಂತೆ.

ಚೀನಾ ಬಂದರೆ ಭಾರತ ಬಿಡುತ್ತಾ? ರಕ್ಸೌಲ್‌ನಿಂದ ಕಠ್ಮಂಡುವಿಗೆ ಸುಮಾರು 136 ಕಿ.ಮೀ. ರೈಲು ಅಂತ ನಾವೂ ಹೇಳಿದೆವು. ಸರ್ವೆ ಯಾರದು? ಮತ್ತೆ ನಮ್ಮ ಕೊಂಕಣ ರೈಲ್ವೆಯದೇ. ಈಗ ಮಜಾ ಬರುವುದು ಇಲ್ಲಿ. ಭಾರತದ ಹಳಿಯ ಅಗಲ 1,676 ಮಿ.ಮೀ. ಚೀನಾದ್ದು 1,435. ವ್ಯತ್ಯಾಸ 241 ಮಿ.ಮೀ., ನಮ್ಮ ಭಾಷೆಯಲ್ಲಿ ಒಂದು ಗೇಣು. ಎರಡೂ ಕನಸು ನನಸಾಗಿ, ಉತ್ತರದಿಂದ ಒಂದು ರೈಲು ದಕ್ಷಿಣದಿಂದ ಒಂದು ರೈಲು ಕಠ್ಮಂಡುವಿಗೆ ಬಂದವು ಅಂತಲೇ ಇಟ್ಟುಕೊಳ್ಳಿ, ಇದರ ಹಳಿ ಮೇಲೆ ಅದು ಹೋಗಲ್ಲ, ಅದರ ಹಳಿ ಮೇಲೆ ಇದು ಹೋಗಲ್ಲ. ಎರಡು ದೊಡ್ಡ ದೇಶಗಳ ಜಗಳ ಒಂದು ಗೇಣಿನದು, ಆ ಗೇಣು ಬಂದು ಬೀಳುವುದು ನೇಪಾಳದ ಅಂಗಳದಲ್ಲಿ. ಇಳಿಸಿ ಹತ್ತಿಸೋಕೆ ಮತ್ತೆ ಹಮಾಲರನ್ನೇ ಕರೆಯಬೇಕು. ಅವರಿಗೆ ಅನುಭವ ಇದೆ.

ಓಲಿ ಬಂದರು, ಹೋದರು, ಮತ್ತೆ ಬಂದರು, ಮತ್ತೆ ಹೋದರು. ಸಮುದ್ರವೇ ಇಲ್ಲದ ದೇಶದಲ್ಲಿ ಹಡಗಿನ ಕಚೇರಿ ತೆರೆದ ಮನುಷ್ಯ ಅವರು. ರೈಲಿಗೆ ಕೊನೇಪಕ್ಷ ನೆಲ ಇದೆ.

ನಗುವ ಮುಂಚೆ ಒಂದು ಮಾತು, ಇದು ನನಗೇ ನಾನು ಹೇಳಿಕೊಳ್ಳುವುದು. ಹುಬ್ಬಳ್ಳಿ-ಅಂಕೋಲಾ ರೈಲು 1997-98ರಲ್ಲಿ ಮಂಜೂರಾಯ್ತು. ಅಡಿಗಲ್ಲೂ ಬಿತ್ತು. ನಮ್ಮ ಜಿಲ್ಲೆಯಲ್ಲಿ ಆಗ ಹುಟ್ಟಿದ ಮಕ್ಕಳು ಈಗ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಘಟ್ಟ ಇಳಿಯುತ್ತಾರೆ, ಅರಬೈಲಿನ ತಿರುವುಗಳಲ್ಲಿ ವಾಂತಿ ಮಾಡುತ್ತಾರೆ, ಪ್ರತೀ ಚುನಾವಣೆಯಲ್ಲಿ ಅದೇ ರೈಲಿನ ಭಾಷಣ ಕೇಳುತ್ತಾರೆ. ಆ ಕಾಡು ಉಳಿಯಲಿ ಅನ್ನುವವರ ಪೈಕಿ ನಾನೂ ಒಬ್ಬ, ಹಾಗಾಗಿ ಹಳಿ ಬರಲಿಲ್ಲ ಅಂತ ನನಗೆ ಅಳು ಬರಲ್ಲ. ಆದರೆ ಆಗಲ್ಲ ಅಂತ ಒಬ್ಬರಾದರೂ ಬಾಯಿಬಿಟ್ಟು ಹೇಳಬೇಕಲ್ವಾ? ನಮ್ಮಲ್ಲೂ ರೈಲು ಬೆಟ್ಟದ ಬುಡದಲ್ಲೇ ನಿಂತಿದೆ. ನಾವು ಟಾರ್ಪಾಲು ಹೊದಿಸಿಲ್ಲ ಅಷ್ಟೇ, ಹೊದಿಸೋಕೆ ರೈಲು ಇರಬೇಕಲ್ಲ.

ಜನಕಪುರದ ರೈಲು ಈಗ ಓಡುತ್ತಿದೆ, ಅದನ್ನೂ ಹೇಳಬೇಕು. ಜನ ಜಯನಗರಕ್ಕೆ ಸಂತೆಗೆ, ಔಷಧಿಗೆ, ನೆಂಟರ ಮನೆಗೆ ಹೋಗಿಬರುತ್ತಾರೆ. ಸೀತೆಯ ತವರು ನೋಡೋಕೆ ಭಾರತದಿಂದ ಯಾತ್ರಿಗಳೂ ಬರುತ್ತಾರೆ. ಭಾರತ, ನೇಪಾಳ ಬಿಟ್ಟು ಬೇರೆ ದೇಶದವರು ಇದರಲ್ಲಿ ಗಡಿ ದಾಟುವ ಹಾಗಿಲ್ಲ. ಹಿಮಾಲಯದ ರೈಲು ಅಂತ ಕ್ಯಾಮೆರಾ ನೇತು ಹಾಕಿಕೊಂಡು ಬಂದ ಜರ್ಮನಿಯವನು ಗಡಿಯಲ್ಲಿ ಇಳಿದು ಭತ್ತದ ಗದ್ದೆಯ ಫೋಟೋ ತೆಗೆಯಬೇಕು.

ಯೋಜನೆಯ ಪ್ರಕಾರ ಈ ಹಳಿ ಬರ್ದಿಬಾಸ್‌ವರೆಗೆ ಹೋಗಬೇಕು, ಒಟ್ಟು 69 ಕಿ.ಮೀ. 2023ರಲ್ಲಿ ಬಿಜಲ್ಪುರದವರೆಗೆ ಮುಗಿಯಿತು. ಉಳಿದಿರುವುದು 17 ಕಿ.ಮೀ., ಜಮೀನಿನ ತಕರಾರು. ಬರ್ದಿಬಾಸ್ ಅಂದರೆ ಬಯಲು ಮುಗಿದು ಗುಡ್ಡ ಶುರುವಾಗುವ ಊರು. ಸದ್ಯಕ್ಕೆ ಅಲ್ಲಿಗೆ ಹೋಗುವವರು ರೈಲಿಳಿದು ಬಸ್ಸು ಹಿಡಿಯಬೇಕು.