ವೈಪರ್ ನಿಂತ ಮಾತ್ರಕ್ಕೆ ಮೋಟಾರ್ ಹೋಯಿತೆಂದು ಒಪ್ಪಿಕೊಳ್ಳಬೇಡಿ

ಕಳೆದ ಜುಲೈನಲ್ಲಿ ಅಮ್ಮನನ್ನು ಕರೆದುಕೊಂಡು ತೀರ್ಥಹಳ್ಳಿಯಿಂದ ಮಣಿಪಾಲಕ್ಕೆ ಹೊರಟಿದ್ದೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಮೂರನ್ನು ಇಳಿಯುವಷ್ಟರಲ್ಲಿ ವೈಪರ್ ಗಾಜಿನ ನಟ್ಟನಡುವೆ ನಿಂತುಬಿಟ್ಟಿತು. ಎದುರಿನ ಬಸ್ಸಿನ ದೀಪಗಳು ಕರಗಿದ ಹಳದಿ ಕಲೆಗಳಂತೆ ಕಂಡವು. ರಸ್ತೆಯ ಅಂಚು ಕಾಣಲೇ ಇಲ್ಲ. “ಮೊದಲು ಬದಿಗೆ ನಿಲ್ಲಿಸು ಮಾರಾಯ” ಎಂದಳು ಅಮ್ಮ. ಮಳೆ ಇಳಿಯುವವರೆಗೆ ಮುಕ್ಕಾಲು ಗಂಟೆ ಅಲ್ಲೇ ಕೂತೆವು.

ಎರಡು ವಾರಗಳಿಂದ ವೈಪರ್ ನಿಧಾನವಾಗಿ, ಏದುಸಿರು ಬಿಡುವವರಂತೆ ಓಡಾಡುತ್ತಿತ್ತು. ನಾನು ಬ್ಲೇಡ್ ಬದಲಿಸಿ ಸುಮ್ಮನಾಗಿದ್ದೆ. ಆದರೆ ಬ್ಲೇಡ್ ಸವೆದರೆ ಗಾಜಿನ ಮೇಲೆ ಗೆರೆ ಬೀಳುತ್ತದೆ, ಕಿರ್ರೆನ್ನುತ್ತದೆ. ವೈಪರಿನ ವೇಗ ಕುಂದುವುದಿಲ್ಲ. ವೇಗ ಕುಂದಿದರೆ ರೋಗ ಗಾಜಿನ ಮೇಲಿಲ್ಲ, ಒಳಗಿದೆ.

ಮರುದಿನ ನೋಡಿದರೆ ಫ್ಯೂಸ್ ಸುಟ್ಟಿತ್ತು. ಹೊಸದು ಹಾಕಿದೆ, ಎರಡು ಸುತ್ತಿಗೆ ಅದೂ ಹೋಯಿತು. ಗ್ಯಾರೇಜಿನವರು ಬಾನೆಟ್ ಎತ್ತಿ ಒಮ್ಮೆ ಇಣುಕಿ, “ಮೋಟಾರ್ ಹೋಗಿದೆ, ಹೊಸದು ಹಾಕಬೇಕು” ಎಂದರು. ಪಕ್ಕದಲ್ಲಿದ್ದವರೊಬ್ಬರು ಇನ್ನೂ ದೊಡ್ಡ, ಅಂದರೆ ಹೆಚ್ಚು ಕರೆಂಟ್ ತಾಳಿಕೊಳ್ಳುವ ಫ್ಯೂಸ್ ಹಾಕಲು ಹೇಳಿದರು. ದಯವಿಟ್ಟು ಆ ಕೆಲಸ ಯಾರೂ ಮಾಡಬೇಡಿ. ಫ್ಯೂಸ್ ಇರುವುದು ವೈರನ್ನು ಕಾಯಲು. ದೊಡ್ಡದು ಹಾಕಿದರೆ ಫ್ಯೂಸ್ ಉಳಿದು ವೈರ್ ಸುಡುತ್ತದೆ.

ನನಗೆ ಸಿಟ್ಟು ಬಂದದ್ದು ಬೆಲೆಯ ಬಗ್ಗೆ ಅಲ್ಲ, ಒಂದು ಪರೀಕ್ಷೆಯನ್ನೂ ಮಾಡದೆ ತೀರ್ಪು ಕೊಟ್ಟದ್ದಕ್ಕೆ. ಪರೀಕ್ಷೆ ಬಹಳ ಸರಳ. ಮೋಟಾರ್ ತಿರುಗಿ, ಅದರಿಂದ ಹೊರಟ ಕಡ್ಡಿಗಳು, ಅಂದರೆ ಲಿಂಕೇಜ್, ವೈಪರಿನ ಎರಡೂ ಕೈಗಳನ್ನು ಆಡಿಸುತ್ತವೆ. ಮನೆಗೆ ಬಂದು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಲಿಂಕೇಜನ್ನು ಮೋಟಾರಿನಿಂದ ಬೇರ್ಪಡಿಸಿದೆ. ಬ್ಯಾಟರಿ ಜೋಡಿಸಿ, ಹೊಸ ಫ್ಯೂಸ್ ಹಾಕಿ, ಕೈ ದೂರವಿಟ್ಟು ಸ್ವಿಚ್ ಒತ್ತಿದೆ. ಸತ್ತಿದೆ ಎಂದಿದ್ದ ಮೋಟಾರ್ ಗಿರ್ರನೆ ತಿರುಗಿತು.

ಹಾಗಾದರೆ ಬಿಗಿ ಎಲ್ಲಿದೆ? ಎಡಗಡೆಯ ಸ್ಪಿಂಡಲ್, ಅಂದರೆ ವೈಪರಿನ ಕೈ ಕೂರುವ ತಿರುಗುವ ಕಡ್ಡಿ, ಬೆರಳಲ್ಲಿ ಹಿಡಿದು ತಿರುಗಿಸಿದರೆ ಅಲುಗಲೇ ಇಲ್ಲ. ಗಾಜಿನ ಬುಡದ ಜಾಲರಿ ಬಿಚ್ಚಿದಾಗ ಕಾರಣವೂ ಸಿಕ್ಕಿತು. ನಮ್ಮ ಕಾರು ವರ್ಷವಿಡೀ ನಿಲ್ಲುವುದು ಹಲಸಿನ ಮರದ ಕೆಳಗೆ. ಕೊಳೆತ ಎಲೆಗಳು ಒಳಗೆ ಗೊಬ್ಬರವಾಗಿ ನೀರು ಹೋಗುವ ತೂತನ್ನು ಮುಚ್ಚಿದ್ದವು. ನಿಂತ ನೀರಿನಿಂದ ಸ್ಪಿಂಡಲ್ ತುಕ್ಕು ಹಿಡಿದಿತ್ತು, ಅದನ್ನು ಎಳೆಯಲು ಮೋಟಾರ್ ಹೆಚ್ಚು ಕರೆಂಟ್ ಎಳೆದು ಫ್ಯೂಸ್ ಸುಡುತ್ತಿತ್ತು. ಸ್ಪಿಂಡಲ್ ಹೊರತೆಗೆದು ಎಮರಿ ಪೇಪರ್‌ನಿಂದ ತಿಕ್ಕಿ, ಗ್ರೀಸ್ ಹಚ್ಚಿ ಕೂರಿಸಿದೆ. ವೈಪರಿನ ಕೈಗಳನ್ನು ಮತ್ತೆ ಹಾಕುವ ಮೊದಲು ಮೋಟಾರನ್ನು ಒಮ್ಮೆ ಓಡಿಸಿ ಸ್ವಿಚ್ಚಿನಿಂದಲೇ ನಿಲ್ಲಿಸಬೇಕು. ಅದು ತನ್ನ ವಿಶ್ರಾಂತಿಯ ಜಾಗಕ್ಕೆ ಬಂದು ನಿಂತ ಮೇಲೆ ಹಾಕಿದರಷ್ಟೇ ಬ್ಲೇಡ್ ಕೆಳಗೆ ಸರಿಯಾಗಿ ಮಲಗುತ್ತದೆ.

ಎಲ್ಲರ ಕಾರಿನ ಕಾಯಿಲೆಯೂ ಇದೇ ಆಗಿರುವುದಿಲ್ಲ. ಮೋಟಾರಿನ ಸದ್ದು ಕೇಳಿಸಿ ಕೈಗಳು ಆಡದಿದ್ದರೆ ಲಿಂಕೇಜಿನ ಕೀಲಿನ ಬುಷ್ ಕಳಚಿರಬಹುದು, ಇಲ್ಲವೇ ಕೈಯ ಬುಡದ ನಟ್ ಸಡಿಲವಾಗಿರಬಹುದು. ಸದ್ದೇ ಇಲ್ಲದಿದ್ದರೆ ಫ್ಯೂಸ್, ರಿಲೇ, ಸ್ವಿಚ್, ಕನೆಕ್ಟರ್ ನೋಡಿ. ಹಳೆಯ ಕಾರುಗಳಲ್ಲಿ ಅರ್ತ್, ಅಂದರೆ ಕರೆಂಟ್ ಬ್ಯಾಟರಿಗೆ ಮರಳುವ ದಾರಿ, ಕೆಡುವುದು ತೀರಾ ಸಾಮಾನ್ಯ: ಮೋಟಾರಿನ ಮೈಯಿಂದ ಬ್ಯಾಟರಿಯ ನೆಗೆಟಿವ್‌ಗೆ ಒಂದು ವೈರ್ ಹಿಡಿದಾಗ ವೈಪರ್ ಚುರುಕಾದರೆ ಕಳ್ಳ ಸಿಕ್ಕಂತೆಯೇ. ಆಫ್ ಮಾಡಿದ ಕೂಡಲೇ ಎಲ್ಲೆಂದರಲ್ಲಿ ನಿಂತರೆ ವೈಪರನ್ನು ವಿಶ್ರಾಂತಿಯ ಜಾಗಕ್ಕೆ ತಂದು ನಿಲ್ಲಿಸುವ, ಮೋಟಾರಿನೊಳಗಿನ ಪಾರ್ಕ್ ಸ್ವಿಚ್ ಮೇಲೆ ಅನುಮಾನ ಪಡಿ. ಇದೆಲ್ಲ ನೋಡಿದ ಮೇಲೂ ಮೋಟಾರೇ ಕೆಟ್ಟಿದೆ ಎಂದಾದರೆ ಸಂತೋಷವಾಗಿ ದುಡ್ಡು ಕೊಡಿ.

15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ ಹೊರಟಾಗ ನಾವು ಹೊಗೆ, ದೀಪ, ಟೈರ್ ಎಲ್ಲವನ್ನೂ ನೋಡಿಕೊಳ್ಳುತ್ತೇವೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವೈಪರನ್ನೂ ಕಡ್ಡಾಯ ಮಾಡಿವೆ. ಆದರೂ ಬಿಸಿಲಿನಲ್ಲಿ ಅದನ್ನು ಓಡಿಸಿ ನೋಡಬೇಕೆಂದು ನಮಗೆ ಹೊಳೆಯುವುದಿಲ್ಲ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಇರುವವರು ಮೇ ತಿಂಗಳಲ್ಲೇ ಒಂದು ಭಾನುವಾರ ಗಾಜಿನ ಬುಡದ ಕಸ ತೆಗೆಯಿರಿ. ಗಾಜಿಗೆ ನೀರು ಹೊಯ್ದುಕೊಂಡು ಹತ್ತು ನಿಮಿಷ ವೈಪರ್ ಓಡಿಸಿ. ಅದರ ಸದ್ದು ಕೇಳಿ.

ರಿಪೇರಿಯಾದ ಮುಂದಿನ ವಾರ ಅಮ್ಮನೊಂದಿಗೆ ಮತ್ತೆ ಅದೇ ಘಾಟಿ ಇಳಿದೆ. ಮಳೆ ಹಿಂದಿನ ಸಲಕ್ಕಿಂತ ಜೋರಾಗಿತ್ತು. ಮೂರನೆಯ ತಿರುವಿನವರೆಗೂ ಗಾಜನ್ನೇ ನೋಡುತ್ತಿದ್ದ ಅಮ್ಮ, ಅದು ದಾಟಿದ ಮೇಲೆ ಸೀಟಿಗೆ ಒರಗಿ ಕಣ್ಣು ಮುಚ್ಚಿದಳು.