ಗ್ಯಾಸ್ಕೆಟ್ ಇಲ್ಲದ ಕುಕ್ಕರು

ಬೆಳಿಗ್ಗೆಯಿಂದ ತಲೆ ಕೆಟ್ಟು ಕೂತಿದೀನಿ. ಶನಿವಾರ ಅಂದ್ರೆ ನಮ್ಮ ಹೆಂಗಸರ ಸಂಘದಲ್ಲಿ ದಾನ ಬಂದ ಸಾಮಾನು ವಿಂಗಡಿಸೋ ದಿನ, ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾದ ಈ ಫ್ರೀಮಾಂಟ್ ಊರಿಗೆ ಬಂದ ಅಫ್ಘನ್ ಕುಟುಂಬಗಳಿಗೆ ಮನೆ ಹೂಡಿಕೊಡೋ ಕೆಲಸ. ಇವತ್ತು ನಮ್ಮೋರೇ, ಕನ್ನಡದೋರೇ, ಎಸ್‌ಯುವಿ ತುಂಬಾ ಕಪ್ಪು ಕಸದ ಚೀಲ ತಂದು ಸುರಿದು ಫೋಟೋ ಹೊಡ್ಕೊಂಡು ಹೋದ್ರು. ಬಿಚ್ಚಿದ್ರೆ ಜಿಪ್ ಕಿತ್ತ ಮಕ್ಕಳ ಜಾಕೆಟ್ಟು, ಹೋಟೆಲಿಂದ ಎತ್ಕೊಂಡು ಬಂದ ಶಾಂಪೂ ಬಾಟ್ಲಿಗಳು, ಒಂಟಿ ಶೂ, ಗ್ಯಾಸ್ಕೆಟ್ಟೂ ಇಲ್ಲದ ವೇಟೂ ಇಲ್ಲದ ಕುಕ್ಕರು. ಒಂಟಿ ಶೂ ರೀ! ಯಾವ ಕಾಲಿಗೆ?

ಈ ಸಂಘ ಕಟ್ಟಿದ್ದು ದೊಡ್ಡ ಮನುಷ್ಯರಲ್ಲ. 2021ರ ಆಗಸ್ಟಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಬಿತ್ತಲ್ಲ, ಆಗ, ಸೋವಿಯತ್ ಯುದ್ಧದ ಕಾಲದಲ್ಲೇ ಓಡಿ ಬಂದು ಇಲ್ಲಿನ ‘ಲಿಟಲ್ ಕಾಬೂಲ್’ ಬೆಳೆಸಿದ ಅಜ್ಜಿಯರು, ಒಬ್ಬ ವಿಯೆಟ್ನಾಮಿ ಆಂಟಿ, ಎಚ್-4 ವೀಸಾದಲ್ಲಿ (ಕೆಲಸದ ವೀಸಾ ಇರೋರ ಗಂಡ-ಹೆಂಡ್ತಿ ಮಕ್ಕಳಿಗೆ ಕೊಡೋದು) ವರ್ಷಗಟ್ಟಲೆ ಗೋಡೆ ನೋಡ್ಕೊಂಡು ಕೂತಿದ್ದ ನನ್ನಂಥ ನಾಲ್ಕು ಜನ ಸೇರಿ ಗ್ಯಾರೇಜಲ್ಲಿ ಶುರು ಮಾಡಿದ್ದು. ಸರ್ಕಾರದ ದುಡ್ಡಲ್ಲಿ ಪುನರ್ವಸತಿ ಸಂಸ್ಥೆಗಳು ಮೊದಲ 90 ದಿನ ನೋಡ್ಕೋತಿದ್ವು, 2025ರ ಜನವರಿಯಲ್ಲಿ ಅದಕ್ಕೂ ಕತ್ತರಿ ಬಿತ್ತು. "ಅವ್ರಿಗೆಲ್ಲಾ ಬಿಟ್ಟಿ" ಅಂತೀರಲ್ಲ, ನಿರಾಶ್ರಿತರಾಗಿ ಬರೋರ ವಿಮಾನದ ಟಿಕೆಟ್ಟೂ ಸಾಮಾನ್ಯವಾಗಿ ಸಾಲವೇ, ಬಡ್ಡಿ ಇಲ್ಲ ಅಷ್ಟೇ, ಆಮೇಲೆ ಕಂತು ಕಟ್ಟಿ ತೀರಿಸ್ಬೇಕು.

ವಾಟ್ಸಾಪ್ ಗ್ರೂಪಲ್ಲಿ ಬಾಯಿ ಬಿಟ್ಟೆ. ತಕ್ಷಣ ಒಬ್ಬ ಮಹಾಶಯರು "ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ" ಅಂದ್ರು. ಇರ್ಲಿ ಸ್ವಾಮಿ, ಏನೂ ಇಲ್ಲದಿರೋದಕ್ಕಿಂತ ಏನೋ ಒಂದು ವಾಸಿ, ಒಪ್ಪಿದೆ. ಆದ್ರೆ ನೀವು ಕೊಟ್ಟಿದ್ದು ದಟ್ಟಿಯಲ್ಲ, ಮಸಿಬಟ್ಟೆ, ಅದನ್ನ ಕಸಕ್ಕೆ ಸಾಗಿಸೋ ದುಡ್ಡೂ ನಮ್ಮ ಕೈಯಿಂದಾನೇ ಹೋಗುತ್ತೆ. ಮೊಳ ಹಾಕೋಕೆ ಬಟ್ಟೆ ಅಂತ ಏನಾದ್ರೂ ಉಳಿದಿರ್ಬೇಕಲ್ಲ?

ಸರಿ, ನನ್ನದೂ ಹೇಳ್ಬಿಡ್ತೀನಿ. ಮೊದಲನೇ ವಾರ ನಾನೂ ಕೋಟಿಂಗ್ ಎದ್ದುಹೋದ ನಾನ್‌ಸ್ಟಿಕ್ ತವಾ ಒಂದನ್ನ ಏನೋ ಮಹಾ ಉಪಕಾರದ ಥರ ತಗೊಂಡ್ಹೋಗಿದ್ದೆ. ನಾವೆಲ್ಲಾ ಖಾಲಾ ಅಂತ ಕರೆಯೋ ಅಜ್ಜಿ (ನಮ್ಮಲ್ಲಿ ಚಿಕ್ಕಮ್ಮ ಅಂದ ಹಾಗೆ) ಅದನ್ನ ತಿರುಗಿಸಿ ಮುರುಗಿಸಿ ನೋಡಿ "ಇದ್ರಲ್ಲಿ ನಿಮ್ಮ ದೋಸೆ ಏಳುತ್ತಾ ಮಗಳೇ?" ಅಂತ ಕೇಳಿದ್ರು. ಏಳಲ್ಲ ಅಂದೆ. ವಾಪಸ್ ನನ್ನ ಕೈಗೇ ಕೊಟ್ರು. ಬೈದಿದ್ರೂ ಚೆನ್ನಾಗಿರೋದು.

ಇವತ್ತು ಖಾಲಾ ಕುಕ್ಕರನ್ನ ಎಸೀಲಿಲ್ಲ, ಮುಚ್ಚಳದ ಅಂಚಲ್ಲಿ ಬೆರಳಾಡಿಸಿ ಪಕ್ಕಕ್ಕಿಟ್ಟಿದಾರೆ. ಗ್ಯಾಸ್ಕೆಟ್ ನಾನು ತರ್ತೀನಿ. ವೇಟು ನಿಮ್ಮನೆ ಡ್ರಾಯರಲ್ಲೇ ಎಲ್ಲೋ ಬಿದ್ದಿರುತ್ತೆ, ಕೊಟ್ಟೋರು ಇದನ್ನ ಓದ್ತಿದ್ರೆ ಒಂದ್ಸಲ ಹುಡುಕಿ. ಹಾಗೇ ಆ ಇನ್ನೊಂದು ಶೂನೂ.