ಹಸಿರು ಪ್ರಮಾಣಪತ್ರ ರೆಸಾರ್ಟಿಗಲ್ಲ, ಊರಿಗೆ ಬೇಕು

ಇಟಲಿಯ ಲಾ ಸ್ಪೆಜಿಯಾ ಪಟ್ಟಣಕ್ಕೆ ಬಂದು ನೆಲೆಸಿ ಒಂಬತ್ತು ವರ್ಷಗಳಾದರೂ ನನ್ನ ಊರು ಯಾವುದೆಂದು ಕೇಳಿದವರಿಗೆ ಇಂದಿಗೂ ಕೊಡಗಿನ ಸೋಮವಾರಪೇಟೆ ತಾಲ್ಲೂಕಿನ ನಮ್ಮ ಹಳ್ಳಿಯ ಹೆಸರನ್ನೇ ಹೇಳುತ್ತೇನೆ. ಕಳೆದ ಏಪ್ರಿಲ್‌ನಲ್ಲಿ ರಜೆಗೆ ಬಂದಿದ್ದಾಗ, ಮನೆಯ ಕೆಳಗಿನ ಗದ್ದೆಯ ಏರಿಯ ಮೇಲೆ ನಡೆದು ತೋಡಿಗೆ ಇಳಿದೆ. ಪಾದ ಮುಳುಗುವಷ್ಟೂ ನೀರಿರಲಿಲ್ಲ. ಕಲ್ಲುಗಳ ಸಂದಿಯಲ್ಲಿ ಒಡೆದ ಬಿಯರ್ ಬಾಟಲಿಯ ಚೂರುಗಳು, ಶಾಂಪೂ ಪೊಟ್ಟಣಗಳು, ಬೆಳ್ಳಿ ಬಣ್ಣದ ಕಾಗದದ ತಟ್ಟೆಗಳು ಸಿಕ್ಕಿಕೊಂಡಿದ್ದವು. ಮೇಲಿನ ಗುಡ್ಡದಲ್ಲಿರುವ ರೆಸಾರ್ಟಿನ ಗೇಟಿನಲ್ಲಿ ‘ಪರಿಸರಸ್ನೇಹಿ’ ಎಂಬ ಫಲಕವಿದೆ. ಆದರೆ ಆ ಕಸ ಅವರದೆಂದು ನಾನು ಹೇಳಲಾರೆ, ಏಕೆಂದರೆ ತೋಡಿನ ಮೇಲ್ಭಾಗದಲ್ಲಿ ಈಗ ಹನ್ನೊಂದು ಹೋಂಸ್ಟೇಗಳಿವೆ, ಅವುಗಳಲ್ಲೊಂದು ನನ್ನ ಚಿಕ್ಕಪ್ಪನ ಮಗನದು. ಯಾರದೆಂದು ಯಾರೂ ಹೇಳಲಾಗದ ಆ ಸ್ಥಿತಿಯೇ ನನ್ನನ್ನು ಈ ಬರಹಕ್ಕೆ ಹಚ್ಚಿದೆ.

ನಾನಿರುವ ಪಟ್ಟಣದ ಉತ್ತರಕ್ಕೆ, ವಾರಾ ನದಿಯ ಕಣಿವೆಯಲ್ಲಿ ವಾರೆಸೆ ಲಿಗುರೆ ಎಂಬ, ಸುಮಾರು 2,000 ಜನರ ಊರಿದೆ. ಯುವಕರು ಕೆಲಸ ಹುಡುಕಿಕೊಂಡು ಪಟ್ಟಣಗಳಿಗೆ ಹೋಗಿ, ಹಳೆಯ ಮನೆಗಳು ಪಾಳು ಬೀಳುತ್ತಿದ್ದ ಆ ಊರನ್ನು 1990ರ ದಶಕದಲ್ಲಿ ಮೇಯರ್ ಮೌರಿತ್ಸಿಯೊ ಕರಾಂತ್ಸಾ ಮತ್ತು ಊರಿನವರು ಸೇರಿ ಎತ್ತಿ ನಿಲ್ಲಿಸಿದರು. ಮನೆಗಳು ದುರಸ್ತಿಯಾದವು, ರೈತರು ಸಾವಯವ ಕೃಷಿಗೆ ತಿರುಗಿದರು. 1999ರಲ್ಲಿ ಆ ಊರು ಪರಿಸರ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 14001ರ ಪ್ರಮಾಣಪತ್ರವನ್ನೂ ಐರೋಪ್ಯ ಒಕ್ಕೂಟದ ‘ಎಮಾಸ್’ ನೋಂದಣಿಯನ್ನೂ ಪಡೆದು, ಯುರೋಪಿನಲ್ಲಿ ಇಂಥ ಮನ್ನಣೆ ಗಳಿಸಿದ ಮೊದಲ ಸ್ಥಳೀಯ ಆಡಳಿತಗಳ ಸಾಲಿಗೆ ಸೇರಿತು. ಪ್ರವಾಸಿಗರು ಬಂದದ್ದು ಅದರ ನಂತರ.

ಎಮಾಸ್ ಎಂಬುದು 1993ರಲ್ಲಿ ಕಾರ್ಖಾನೆಗಳಿಗಾಗಿ ರೂಪಿಸಿ (ಆಡಳಿತಗಳಿಗೆ ಆಗ ಪ್ರಾಯೋಗಿಕವಾಗಿ ಮಾತ್ರ ಅವಕಾಶವಿತ್ತು), 2001ರಲ್ಲಿ ಎಲ್ಲ ಬಗೆಯ ಸಂಸ್ಥೆಗಳಿಗೂ ತೆರೆದ ಪರಿಸರ ನಿರ್ವಹಣಾ ವ್ಯವಸ್ಥೆ. ನೀರು, ವಿದ್ಯುತ್ತು, ಕಸ, ನೆಲದ ಬಳಕೆ ಎಲ್ಲದರ ಸದ್ಯದ ಸ್ಥಿತಿಯನ್ನು ಮೊದಲು ಅಳೆಯಬೇಕು, ಗುರಿ ಹಾಕಿಕೊಳ್ಳಬೇಕು, ಗುರಿ ಮುಟ್ಟಿತೋ ಇಲ್ಲವೋ ಎಂಬುದನ್ನು ವರದಿಯಾಗಿ ಬರೆದು, ಸ್ವತಂತ್ರ ಪರಿಶೀಲಕರಿಂದ ದೃಢಪಡಿಸಿಕೊಂಡು ಸಾರ್ವಜನಿಕರ ಮುಂದಿಡಬೇಕು. ಐಎಸ್‌ಒ 14001 ಇಂಥ ವರದಿಯನ್ನು ಪ್ರಕಟಿಸಲೇಬೇಕೆಂದು ಕೇಳುವುದಿಲ್ಲ. ಎಮಾಸ್‌ನ ಬಲವಿರುವುದು ಅಲ್ಲಿಯೇ ಎಂದು ನನಗನ್ನಿಸುತ್ತದೆ. ಇನ್ನೊಂದು ಅಂಶವೂ ಇದೆ: ತಾನು ನೇರವಾಗಿ ಮಾಡಿದ ಹಾನಿಯ ಜೊತೆಗೆ, ತನ್ನ ಪರವಾನಗಿ ಮತ್ತು ನಿರ್ಧಾರಗಳಿಂದ ಆಗುವ ಪರೋಕ್ಷ ಹಾನಿಯನ್ನೂ ಸಂಸ್ಥೆ ಲೆಕ್ಕಕ್ಕೆ ತರಬೇಕು. ಸ್ಥಳೀಯ ಆಡಳಿತವೊಂದು ಈ ವ್ಯವಸ್ಥೆಗೆ ಒಳಪಟ್ಟರೆ ಹೋಟೆಲು, ಪ್ರವಾಸಿಗರ ವಾಹನ, ವಾರಾಂತ್ಯದ ಕಸ ಎಲ್ಲವೂ ಆ ಲೆಕ್ಕದೊಳಗೆ ಬರುತ್ತವೆ. ರೆಸಾರ್ಟೊಂದು ತನ್ನ ಬೇಲಿಯೊಳಗಿನ ಲೆಕ್ಕವನ್ನಷ್ಟೇ ತೋರಿಸಿ ಹಸಿರು ಫಲಕ ಪಡೆಯಬಹುದು, ತೋಡಿನ ಲೆಕ್ಕವನ್ನು ಊರು ಮಾತ್ರ ಕೊಡಬಲ್ಲದು.

ನನ್ನ ಪಟ್ಟಣದ ಇನ್ನೊಂದು ಮಗ್ಗುಲಲ್ಲಿ, ಸಮುದ್ರದಂಚಿಗೆ ಚಿಂಕ್ವೆ ತೆರ್ರೆಯ ಐದು ಊರುಗಳಿವೆ. ಅಲ್ಲಿನ ಕಡಿದಾದ ಇಳಿಜಾರಿನಲ್ಲಿ ಗಾರೆಯಿಲ್ಲದೆ ಕಲ್ಲು ಜೋಡಿಸಿ ಕಟ್ಟಿದ ಮೆಟ್ಟಿಲು ದ್ರಾಕ್ಷಿತೋಟಗಳಲ್ಲಿ ದುಡಿಯುವವರು ಕಡಿಮೆಯಾಗುತ್ತ ಬಂದಂತೆ ಗೋಡೆಗಳು ಸಡಿಲವಾದವು. 2011ರ ಅಕ್ಟೋಬರ್ 25ರ ಮಳೆಗೆ ವೆರ್ನಾತ್ಸಾ ಮತ್ತು ಮೊಂತೆರೊಸ್ಸೊ ಊರುಗಳು ಕೆಸರಿನಲ್ಲಿ ಹೂತುಹೋದವು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆಗಳಲ್ಲಿ ಬರೆ (ಗುಡ್ಡದ ಕಡಿದಾದ ಇಳಿಜಾರು) ಕುಸಿದ ಚಿತ್ರಗಳನ್ನು ಫೋನಿನಲ್ಲಿ ನೋಡುತ್ತ ಕುಳಿತಿದ್ದಾಗ ನನಗೆ ನೆನಪಾದದ್ದು ಈ ಊರುಗಳೇ. ನಮ್ಮಲ್ಲೂ ಗದ್ದೆ ಪಾಳು ಬಿಟ್ಟಿದ್ದೇವೆ, ಬರೆ ಕಡಿದು ರಸ್ತೆ ಮಾಡಿದ್ದೇವೆ. ವ್ಯತ್ಯಾಸವೆಂದರೆ ಅಲ್ಲಿ ಚಾರಣದ ದಾರಿಗೆ ಪ್ರವಾಸಿಗರು ಕೊಡುವ ಕಾರ್ಡಿನ ಹಣ ರಾಷ್ಟ್ರೀಯ ಉದ್ಯಾನದ ಕೈಸೇರಿ ಆ ದಾರಿಯ ರಿಪೇರಿಗೆ ಬರುತ್ತದೆ. ಮಾಂದಲಪಟ್ಟಿಗೆ ಜೀಪಿನಲ್ಲಿ ಹೋಗಿಬರುವವರು ಕೊಡುವ ಹಣದಲ್ಲಿ ಎಷ್ಟು ಪಾಲು ಆ ಗುಡ್ಡದ ಮಣ್ಣಿಗೆ ಮರಳುತ್ತದೆ ಎಂಬ ಪ್ರಶ್ನೆಗೆ ಊರಿನಲ್ಲಿ ನಾನು ವಿಚಾರಿಸಿದ ಯಾರಿಂದಲೂ ಉತ್ತರ ಸಿಗಲಿಲ್ಲ.

ನೀಲಗಿರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಪ್ರವಾಸಿಗರ ವಾಹನಗಳಿಗೆ ಇ-ಪಾಸ್ ಬಂದಿದೆ, ಕೊಡಗಿಗೂ ಅದು ಬೇಕೆನ್ನುವವರಿದ್ದಾರೆ. ನಾನು ವಿರೋಧಿಸುವುದಿಲ್ಲ. ಆದರೆ ಪಾಸು ಬಂದವರ ತಲೆ ಎಣಿಸುತ್ತದೆ, ಅವರು ಬಿಟ್ಟುಹೋದದ್ದನ್ನು ಎಣಿಸುವುದಿಲ್ಲ.

ಇಟಲಿಯ ಆಡಳಿತಕ್ಕಿರುವ ಸಿಬ್ಬಂದಿ, ಹಣ ನಮ್ಮ ಗ್ರಾಮ ಪಂಚಾಯಿತಿಗಳಿಗಿಲ್ಲ ಎಂಬುದನ್ನು ಒಪ್ಪುತ್ತೇನೆ. ಅಲ್ಲಿನ ಪರಿಶೀಲಕರ ಶುಲ್ಕವನ್ನು ನಮ್ಮ ಪಂಚಾಯಿತಿ ಭರಿಸುವುದು ಕಷ್ಟ. ಆದರೂ ಲೆಕ್ಕವನ್ನು ಜನರ ಮುಂದೆ ಓದಲು ನಮಗೆ ಗ್ರಾಮಸಭೆ ಇದೆ. ಕೊಂಬೆ ಕಡಿಯಬಾರದೆಂಬ ಕಟ್ಟುಪಾಡಿನಿಂದಲೇ ಸಾವಿರಕ್ಕೂ ಹೆಚ್ಚು ದೇವಕಾಡುಗಳನ್ನು ಉಳಿಸಿಕೊಂಡು ಬಂದ ಜಿಲ್ಲೆ ಇದು, ಊರೊಟ್ಟಿಗೆ ಹೊಣೆ ಹೊರುವುದು ಇಲ್ಲಿ ಹೊಸತಲ್ಲ. ಕಳೆದ ವರ್ಷ ಎಷ್ಟು ಅತಿಥಿಗಳು ಉಳಿದರು, ಯಾವ ಕೊಳವೆಬಾವಿ ಎಷ್ಟು ಗಂಟೆ ಓಡಿತು, ಬಚ್ಚಲಿನ ನೀರು ಎಲ್ಲಿಗೆ ಹೋಯಿತು, ಎಷ್ಟು ಬರೆ ಕಡಿಯಲಾಯಿತು ಎಂಬ ನಾಲ್ಕೇ ಸಾಲುಗಳನ್ನು ಹೋಂಸ್ಟೇ ಪರವಾನಗಿಯ ನವೀಕರಣಕ್ಕೆ ಜೋಡಿಸಿ, ವರ್ಷಕ್ಕೊಮ್ಮೆ ಸಭೆಯಲ್ಲಿ ಗಟ್ಟಿಯಾಗಿ ಓದಿದರೂ ಸಾಕು, ಕೆಲಸ ಶುರುವಾದಂತೆ.

ನನ್ನ ಮಾತು ಕೇಳಿ ಚಿಕ್ಕಪ್ಪನ ಮಗ ಕಾಫಿ ಕೊಯ್ಲಿನ ಹಳೆಯ ಲೆಕ್ಕದ ಪುಸ್ತಕದಲ್ಲಿ ಹೊಸ ಪುಟ ತೆರೆದಿದ್ದಾನೆ. ಮೇ ತಿಂಗಳ ಪುಟದ ಚಿತ್ರ ಕಳಿಸಿದ್ದ: ಅತಿಥಿಗಳು 64, ಕಸದ ಚೀಲ 19. ಪಕ್ಕದಲ್ಲಿ ‘ಚೀಲ ಎಲ್ಲಿಗೆ ಹೋಯಿತು’ ಎಂದು ಬರೆದ ಕಂಬಸಾಲು ಇನ್ನೂ ಖಾಲಿಯಿದೆ. ಮುಂದಿನ ಗ್ರಾಮಸಭೆಗೆ ಆ ಪುಸ್ತಕವನ್ನು ಒಯ್ಯುತ್ತೇನೆಂದು ಹೇಳಿದ್ದಾನೆ.